ಗೊರಕೆ, ಮಾಸ್ಕು ಮತ್ತು ನಾನು

ನನ್ನ ಗೊರಕೆ ಹಾರೂಗೇರಿಯ ನಮ್ಮ ಓಣಿಗೆಲ್ಲ ಹಳೇ ಜೋಕು. ನಾನೂ ನಗುತ್ತಿದ್ದೆ. ಒಂದು ದಿನ ಹೆಂಡತಿ ಅಂದಳು, "ಗೊರಕಿದು ಬಿಡ್ರಿ, ಅದು ನಿಂತಾಗ ಅಂಜಿಕಿ ಬರ್ತದ. ಮುಂದಿನ ಉಸರ ತಗೋತೀರೋ ಇಲ್ಲೋ ಅಂತ ಎದ್ದು ಕುಂತಿರ್ತೇನಿ." ಎಷ್ಟು ವರ್ಷದಿಂದ ಅಂತ ಕೇಳುವ ಧೈರ್ಯ ಆಗಲಿಲ್ಲ.

ಆಮೇಲೊಂದು ಮಧ್ಯಾಹ್ನ ಬೈಕ್ ಮೇಲೇ ಕಣ್ಣು ಮುಚ್ಚಿತು. ಕಬ್ಬಿನ ಟ್ರ್ಯಾಕ್ಟರ್ ಹಾರ್ನು ಎಬ್ಬಿಸಿತು! ಮಿರಜಿಗೆ ಹೋಗಿ, ಮೈತುಂಬಾ ವೈರು ಅಂಟಿಸಿಕೊಂಡು ಒಂದು ರಾತ್ರಿ ಮಲಗಿದೆ. ಗಂಟೆಗೆ 30 ಸಲ ಉಸಿರು ನಿಂತರೆ ಅಥವಾ ಕುಗ್ಗಿದರೆ ತೀವ್ರ ಸ್ಲೀಪ್ ಆಪ್ನಿಯಾ ಅಂತೆ. ನನ್ನದು 41.

ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ, ಸಿಪ್ಯಾಪ್ ಮಷೀನು ಗಾಳಿ ಒತ್ತಿ ಅದನ್ನು ತೆರೆದಿಡುತ್ತದೆ. 1981ರಲ್ಲಿ ಸಿಡ್ನಿಯ ಡಾ. ಕಾಲಿನ್ ಸಲಿವನ್ ತೋರಿಸಿಕೊಟ್ಟ ಉಪಾಯ.

ಉಪಾಯವೇನೋ ಸರಿ, ಹಾಕಿಕೊಳ್ಳುವವರ ಕಷ್ಟ ಕೇಳಿ... ಬಾಯಿ ತೆರೆದರೆ ಪುಸ್ಸ್ ಅಂತ ಗಾಳಿ ಹೊರಗೆ. ಮೊದಲ ರಾತ್ರಿ ಒಂದು ಗಂಟೆಗೇ ಕಿತ್ತೆಸೆದೆ. ಮರುದಿನದಿಂದ ಹಗಲು ಟಿವಿ ನೋಡುತ್ತಾ ಅರ್ಧ ತಾಸು ಹಾಕಿಕೊಂಡು ಕೂತೆ. ಮೊಮ್ಮಗನಿಗೆ ನಾನು ಆನೆ! ಪಟ್ಟಿ ಬಿಗಿದಷ್ಟೂ ಸೋರುತ್ತಿತ್ತು, ಸ್ವಲ್ಪ ಸಡಿಲಿಸಿದ ಮೇಲೆ ಸರಿಹೋಯಿತು. ಕರೆಂಟು ಹೋದರೆ ಮಷೀನೂ ಬಂದ್, ಅದಕ್ಕೆ ಇನ್ವರ್ಟರ್ ಲೈನಿಗೆ ಹಾಕಿಸಿದೆ.

ಒಂಬತ್ತನೇ ರಾತ್ರಿ ಮಲಗಿದವನು ಎದ್ದಿದ್ದು ಬೆಳಿಗ್ಗೆ ಆರಕ್ಕೆ, ಮಾಸ್ಕು ಮುಖದ ಮೇಲೇ ಇತ್ತು. ಪಕ್ಕದಲ್ಲಿ ಅವಳಿಗಿನ್ನೂ ಗಾಢ ನಿದ್ದೆ. ಎಬ್ಬಿಸದೆ ಚಹಾ ನಾನೇ ಮಾಡಿಕೊಂಡೆ.