ನಾಣ್ಯ ಕೊಳ್ಳುವ ಮುನ್ನ ತೂಕ ಕೇಳಿ

ಹೊಸದಾಗಿ ನಾಣ್ಯ ಕೂಡಿಡಲು ಹೊರಟ ಗೆಳೆಯರೇ, ಆನ್‌ಲೈನಿನಲ್ಲಿ ರಾಮ, ಸೀತೆ, ಹನುಮಂತ ಇರುವ "1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ" ಕಂಡರೆ ಕೈ ಮುಗಿದು ಮುಂದೆ ಹೋಗಿ. ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ! 1840ರ ವಿಕ್ಟೋರಿಯಾ ಬೆಳ್ಳಿ ರೂಪಾಯಿ ಎಂದರೆ ತೂಕ 11.66 ಗ್ರಾಂ, ಸವೆದಿದ್ದರೆ ತುಸು ಕಡಿಮೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಎರಡೂ ಬದಿಯ, ಅಂಚಿನ, ತಕ್ಕಡಿ ಮೇಲಿಟ್ಟ ಫೋಟೋ ಕೇಳಿ. ಕೊಡಲು ಸತಾಯಿಸಿದರೆ ಬಿಟ್ಟುಬಿಡಿ.

ಮಾರುವವರಿಗೂ ಒಂದು ಮಾತು. ಪಕ್ಕದ ಮನೆಯ ಅಜ್ಜಿಗೆ ಫೋನು ಬಂದಿತ್ತು: ಹಳೇ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ರಿಸರ್ವ್ ಬ್ಯಾಂಕ್ ಶುಲ್ಕ ಕಟ್ಟಿ ಅಂತ. ಔಷಧಿಗೆಂದು ಇಟ್ಟ ದುಡ್ಡು ಆಗಲೇ ಅವರ ಕೈಯಲ್ಲಿತ್ತು. ಇಂಥ ಶುಲ್ಕ ತಾನು ಕೇಳುವುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಅದನ್ನು ಓದಿ ಹೇಳಿದ ಮೇಲೆ ದುಡ್ಡು ಮತ್ತೆ ಡಬ್ಬಿಗೆ ಹೋಯಿತು. ನಿಮ್ಮ ಮನೆಯ ಹಿರಿಯರಿಗೂ ಒಮ್ಮೆ ಹೇಳಿಡಿ.