ಹವಳದ ಹಸಿವು

ನಮ್ಮ ಕಡೆಯ ಮನೆಗಳಲ್ಲಿ ಹವಳವೆಂದರೆ ತಾಯಂದಿರ ಕೊರಳಿನ ಕೆಂಪು ಮಣಿ. ಜ್ಯೋತಿಷಿಗಳಿಗೆ ಕುಜಗ್ರಹದ ರತ್ನ. ತುಂಗಭದ್ರೆಯ ಸಿಹಿನೀರಿನ ಆಸರೆಯಲ್ಲಿ, ಸಮುದ್ರದಿಂದ ಬಹುದೂರ ಬಾಳುವ ಸಿ. ಬೆಳಗಲ್ ಸೀಮೆಯವರಾದ ನಮಗೆ, ಆ ಮಣಿಗೂ ಒಂದು ಕಾಲಕ್ಕೆ ಹಸಿವಿತ್ತೆಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ನನ್ನ ತಂಗಿಯ ಮಗನು ನಗರದ ಮನೆಯೊಂದರಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಜೀವಂತ ಹವಳವನ್ನೂ ಕಂಡುಬಂದನು. "ಮಾಮಾ, ನಾನೂ ಒಂದು ಸಾಕುತ್ತೇನೆ. ಅದಕ್ಕೆ ಏನು ತಿನ್ನಿಸಬೇಕು?" ಎಂಬುದು ಅವನ ಪ್ರಶ್ನೆ. ಹಬ್ಬಗಳಲ್ಲಿ ಹಿರಿಯರು ಕೊಟ್ಟ ಹಣವನ್ನೆಲ್ಲ ಕೂಡಿಟ್ಟಿದ್ದನು. ಮಾರುವವನೊಬ್ಬನು ರಸೀದಿಯಿಲ್ಲದೆ ಒಂದು ತುಂಡು ಕೊಡಲು ಒಪ್ಪಿದ್ದನಂತೆ. ವಕೀಲನ ಕಿವಿಗೆ ಮೊದಲು ಬಿದ್ದದ್ದು ರಸೀದಿಯ ಮಾತೇ. ಆದರೂ ಹುಡುಗನು ಕೇಳಿದ್ದಕ್ಕೆ ಮೊದಲು ಉತ್ತರ ಸಲ್ಲಬೇಕೆಂದು ಒಂದಿಷ್ಟು ಓದಿ ತಿಳಿದು ಅವನಿಗೆ ಹೇಳಿದೆನು.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಪಾಲಿಪ್ ಎಂಬ ಪುಟ್ಟ ದೇಹ, ನಡುವೆ ಒಂದೇ ಬಾಯಿ, ಅದರ ಸುತ್ತ ಕುಟುಕುಕಣಗಳಿರುವ ಗ್ರಹಣಾಂಗಗಳು. ಬಂಡೆ ಕಟ್ಟುವ ಹವಳಗಳ ಅಂಗಾಂಶದೊಳಗೆ ಏಕಕೋಶ ಶೈವಲಗಳು ಬಿಡಾರ ಹೂಡಿರುತ್ತವೆ. ಅವು ಬಿಸಿಲಿನಲ್ಲಿ ತಯಾರಿಸಿದ ಆಹಾರದಿಂದಲೇ ಹವಳಕ್ಕೆ ಶಕ್ತಿಯ ದೊಡ್ಡ ಪಾಲು ದೊರೆಯುತ್ತದೆ. ಆದುದರಿಂದ ಇಂತಹ ಹವಳಕ್ಕೆ ಮೊದಲ ಊಟ ಬೆಳಕು. ಆದರೆ ಬೆಳಕು ಸಕ್ಕರೆಯನ್ನು ಕೊಡಬಲ್ಲದೇ ಹೊರತು ಮೈ ಬೆಳೆಯಲು ಬೇಕಾದ ಸಾರಜನಕ, ರಂಜಕಗಳನ್ನು ಕೊಡಲಾರದು. ಅವುಗಳಿಗಾಗಿಯೇ ಹವಳವು ರಾತ್ರಿ ಗ್ರಹಣಾಂಗಗಳನ್ನು ಚಾಚಿ, ತೇಲಿಬರುವ ಸೂಕ್ಷ್ಮ ಪ್ರಾಣಿಗಳನ್ನು ಹಿಡಿಯುತ್ತದೆ. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ, ಅಂದರೆ ಮಣಿಯಾಗಿ ಕೊರಳಿಗೇರುವ ಹವಳ, ಮಬ್ಬುಗತ್ತಲಿನಲ್ಲಿ ಬಾಳುತ್ತದೆ. ಅದಕ್ಕೆ ಶೈವಲಗಳ ನೆರವಿಲ್ಲ. ಪ್ರವಾಹ ಹೊತ್ತುತಂದುದೇ ಅದರ ಊಟ.

ತೊಟ್ಟಿಯಲ್ಲಿ ಉಣಿಸುವ ನಿಯಮವೂ ಇಲ್ಲಿಂದಲೇ ಹೊರಡುತ್ತದೆ: ಬಾಯಿಯ ಅಳತೆಗೆ ತಕ್ಕ ತುತ್ತು. ಸಣ್ಣ ಪಾಲಿಪ್‌ಗಳ ಹವಳಕ್ಕೆ ರೋಟಿಫರ್‌ಗಳು, ಇಲ್ಲವೆ ಅರ್ಧ ಮಿಲಿಮೀಟರಿನಷ್ಟಿರುವ ಆರ್ಟೀಮಿಯಾ ಸೀಗಡಿಯ ಹೊಸಮರಿಗಳು. ದೊಡ್ಡ ಬಾಯಿಯವುಗಳಿಗೆ ಮೈಸಿಸ್ ಸೀಗಡಿಯ ಚೂರು. ಆರ್ಟೀಮಿಯಾ ಮರಿಗಳನ್ನು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಉಣಿಸುವುದು ಲೇಸು; ಹೊತ್ತು ಕಳೆದಂತೆ ಅವು ಮೈಯೊಳಗಿನ ಸತ್ವವನ್ನು ತಾವೇ ಕರಗಿಸಿಕೊಳ್ಳುತ್ತವೆ. ಶೈವಲಗಳಿಲ್ಲದ ಸೂರ್ಯಹವಳವನ್ನು ತಂದವನು ಒಂದೊಂದು ಬಾಯಿಗೂ ಬೇರೆ ಬೇರೆಯಾಗಿ ಉಣಿಸಬೇಕು. ದೀಪವಾರಿ ಗ್ರಹಣಾಂಗಗಳು ಹೊರಬಂದ ಮೇಲೆ, ನೀರಿನ ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಪಿಪೆಟ್ಟಿನಿಂದ ಮೆಲ್ಲನೆ ಕೊಡುವುದು ಕ್ರಮ. ಉಳಿದುದನ್ನು ತೆಗೆಯದಿದ್ದರೆ ಅದು ಕೊಳೆತು ನೀರಿನಲ್ಲಿ ನೈಟ್ರೇಟ್, ಫಾಸ್ಫೇಟುಗಳು ಏರುತ್ತವೆ. ಬೇಡದ ಪಾಚಿ ಹಬ್ಬಿ ಹವಳವನ್ನು ಮುಚ್ಚುತ್ತದೆ. ಮೀನಿಗೆ ಪ್ರೀತಿಯಿಂದ ಅನ್ನದ ಅಗುಳು ಎಸೆಯುವ ನಮ್ಮ ಅಭ್ಯಾಸ ಇಲ್ಲಿ ಸಲ್ಲದು.

ಇಷ್ಟಾದ ಮೇಲೆ ರಸೀದಿಯ ಮಾತು. ಹವಳವು ಪ್ರಾಣಿಯೆಂಬುದು ಪಾಠಪುಸ್ತಕದ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳೆಲ್ಲವನ್ನೂ ಸೇರಿಸಲಾಯಿತು. ಹುಲಿ, ಸಿಂಹಗಳ ಹೆಸರಿರುವ ಅನುಸೂಚಿಯೇ ಅದು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಅಂತಹ ಹವಳವನ್ನು ಮುರಿದು ತಂದು ಮಾರುವುದು ಅಪರಾಧ. ಶಿಕ್ಷೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆಮನೆ ಹಾಗೂ ದಂಡ. ವಿದೇಶದಿಂದ ತಂದದ್ದೆಂದು ಹೇಳಿಬಿಟ್ಟರೂ ಸಾಲದು. ಬಂಡೆ ಕಟ್ಟುವ ಹವಳಗಳ ವ್ಯಾಪಾರವು ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಯಲ್ಲಿದೆ. ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕೆಂದು 2022ರ ತಿದ್ದುಪಡಿ ವಿಧಿಸುತ್ತದೆ. ಆದುದರಿಂದ ಏನು ಉಣಿಸಲಿ ಎಂಬ ಪ್ರಶ್ನೆಗಿಂತ ಮೊದಲು, ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ ನಿಲ್ಲುತ್ತದೆ. ಕಾಗದವಿಲ್ಲದ ತುಂಡಿಗೆ ಉತ್ತರ ಹೇಳಬೇಕಾದವನು ಮಾರಿದವನೊಬ್ಬನೇ ಅಲ್ಲ. ಯಾರ ಮನೆಯಲ್ಲಿ ಅದು ಸಿಕ್ಕಿತೋ ಅವರೂ ಹೌದು.

ಹುಡುಗನ ಮುಖ ಬಾಡಿತು. ಬೇಡವೆಂಬ ಒಂದೇ ಮಾತಿನಿಂದ ಮಕ್ಕಳ ಕುತೂಹಲವನ್ನು ಮುಗಿಸುವುದು ಹಿರಿಯರಿಗೆ ಸುಲಭ, ಮಕ್ಕಳಿಗೆ ನಷ್ಟ. ನಾವಿಬ್ಬರೂ ಅವನ ವಿಜ್ಞಾನ ಪುಸ್ತಕವನ್ನು ತೆರೆದೆವು. ಅಲ್ಲಿದ್ದ ಹೈಡ್ರಾ ಹವಳದ ದಾಯಾದಿಯೇ: ಅದೇ ಒಂದು ಬಾಯಿ, ಅವೇ ಗ್ರಹಣಾಂಗಗಳು, ಅವೇ ಕುಟುಕುಕಣಗಳು. ಅದರಲ್ಲಿ ಹಸಿರು ಜಾತಿಯೊಂದಿದ್ದು, ಹವಳದಂತೆಯೇ ತನ್ನ ಮೈಯೊಳಗೆ ಶೈವಲಗಳಿಗೆ ಮನೆ ಕೊಟ್ಟಿರುತ್ತದೆ. ಸಮುದ್ರಕ್ಕೆ ಹೋಗಬೇಕಿಲ್ಲ; ತಿಳಿನೀರಿನ ಕೆರೆಕುಂಟೆಗಳ ಜಲಸಸ್ಯಗಳಿಗೆ ಅಂಟಿಕೊಂಡು ಬಾಳುವ ಜೀವಿ ಅದು.

ಈಗ ಅವನ ಕಿಟಕಿಯಲ್ಲಿ, ಬಿಸಿಲು ನೇರ ಬೀಳದ ಕಡೆ, ಕುಂಟೆಯ ನೀರಿನ ಒಂದು ಗಾಜಿನ ಸೀಸೆಯಿದೆ. ಅದೇ ನೀರಿನಲ್ಲಿ ಜಿಗಿದಾಡುವ ಡಾಫ್ನಿಯಾಗಳನ್ನು ಹಿಡಿದು ಹೈಡ್ರಾಗಳಿಗೆ ಉಣಿಸುತ್ತಾನೆ. ಉಂಡು ಉಳಿದುದನ್ನು ಮರುದಿನ ತೆಗೆಯುತ್ತಾನೆ. ಹೊಟ್ಟೆ ತುಂಬಿದ ಹೈಡ್ರಾದ ಪಕ್ಕದಲ್ಲಿ ಮೊಗ್ಗು ಮೂಡುತ್ತದೆ, ಹಸಿದದ್ದರಲ್ಲಿ ಮೂಡುವುದಿಲ್ಲ ಎಂಬುದನ್ನು ಯಾರೂ ಹೇಳದೆಯೇ ಕಂಡುಕೊಂಡು, ದಿನಾಂಕ ಸಹಿತ ನೋಟುಪುಸ್ತಕದಲ್ಲಿ ಬರೆದಿದ್ದಾನೆ. ಹಬ್ಬದ ಹಣದಲ್ಲಿ ಒಂದು ಭೂತಗನ್ನಡಿ ಬಂದಿದೆ. ಅದಕ್ಕೆ ಅಂಗಡಿಯವರು ಕೊಟ್ಟ ರಸೀದಿಯನ್ನು ಅವನು ತಾನಾಗಿಯೇ ತಂದು ನನಗೆ ತೋರಿಸಿದನು.