ಕ್ಯಾಲೆಂಡರಿನ ಹಿಂದಿನ ಬಿರುಕು

ನಮ್ಮದು ಹೆಂಚಿನ ಮನೆ. ಅಜ್ಜನ ಕಾಲದ್ದು, ಮಣ್ಣಿನ ಗೋಡೆ. ಹೋದ ವರ್ಷದ ತನಕ ನಮ್ಮ ಮನೇಲಿ ಟಿ.ವಿ. ಇರಲಿಲ್ಲ. ನಾನೂ ತಮ್ಮನೂ ಪಕ್ಕದ ಮನೆಗೆ ಹೋಗಿ ನೋಡುತ್ತಿದ್ದೆವು. ಅವರು ಊಟಕ್ಕೆ ಎದ್ದರೆ ನಾವೂ ಎದ್ದು ಬರಬೇಕು. ಕಥೆ ಅರ್ಧಕ್ಕೇ ನಿಂತುಹೋಗುತ್ತಿತ್ತು.

ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಟಿ.ವಿ. ತಂದರು. ತಿಂಗಳು ತಿಂಗಳು ದುಡ್ಡು ಕಟ್ಟೋದು ಬೇಡ ಅಂತ ದೂರದರ್ಶನದ ಫ್ರೀ ಡಿಶ್ ಹಾಕಿಸುವುದೆಂದು ಆಯಿತು. ಭಾನುವಾರ ಪೇಟೆಯಿಂದ ಡಿಶ್ ಹಾಕುವ ಅಣ್ಣ ಬೈಕಿನಲ್ಲಿ ಬಂದರು. ಬಂದ ಕೂಡಲೇ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಮನೆ ಸುತ್ತ ಎರಡು ಸಲ ತಿರುಗಿದರು.

ಅಜ್ಜಿ, "ದಿಲ್ಲಿ ಉತ್ತರಕ್ಕಲ್ವೇನಪ್ಪಾ, ಆ ಕಡೆ ತಿರುಗಿಸು" ಅಂದರು. ಎಲ್ಲರೂ ನಕ್ಕೆವು. ನನಗೂ ನಿಜ ಗೊತ್ತಿರಲಿಲ್ಲ ಅನ್ನಿ. ಡಿಶ್ ನೋಡುವುದು ದಿಲ್ಲಿಯನ್ನಲ್ಲ, ಉಪಗ್ರಹವನ್ನು. ಅದರ ಹೆಸರು ಜಿಸ್ಯಾಟ್-15. 2015ರಲ್ಲಿ ಹಾರಿಸಿದ್ದು. ಮಾರನೇ ದಿನ ವಿಜ್ಞಾನದ ಮೇಷ್ಟ್ರು ಗ್ಲೋಬಿನಲ್ಲಿ ತೋರಿಸಿದರು. ಅದು ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವಕ್ಕೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಭೂಮಿ ತಿರುಗಿದಷ್ಟೇ ಹೊತ್ತಿಗೆ ಅದೂ ಒಂದು ಸುತ್ತು ಬರುತ್ತೆ, ಅದಕ್ಕೇ ನಿಂತಲ್ಲೇ ನಿಂತ ಹಾಗೆ. ನಮಗೆ ಅದು ಆಗ್ನೇಯ ದಿಕ್ಕಿಗೆ.

ಹೆಂಚಿನ ಮೇಲೆ ಆಗಲ್ಲ ಅಂದರು ಅಣ್ಣ. ಕಾಲಿಟ್ಟರೆ ಹೆಂಚು ಒಡೆಯುತ್ತೆ, ಅದು ಹೋಗಲಿ, ಮೇಲೇ ಕರೆಂಟಿನ ತಂತಿ ಹೋಗಿದೆ. "ಪೈಪು ವಾಲಿ ಬಿದ್ರೆ ತಂತಿ ಮುಟ್ಟೋ ಹಾಗಿದ್ರೆ ಅಲ್ಲಿ ನಿಲ್ಲಿಸ್ಲೇಬಾರ್ದು. ಎತ್ತೋವಾಗ್ಲೇ ತಗುಲಿದ್ರೆ ನಾನೇ ಇರಲ್ಲ" ಅಂದರು. ಅಂಗಳದಲ್ಲಿ ಹಾಕೋಣ ಅಂದರೆ ಆಗ್ನೇಯಕ್ಕೇ ತೆಂಗಿನಮರ ಅಡ್ಡ. ಅಪ್ಪ ಮರದ ಕಡೆ ನೋಡಿದರು. ಅಜ್ಜಿ, "ನಿಮ್ಮಪ್ಪ ನೆಟ್ಟಿದ್ದು. ಬೇಕಾದ್ರೆ ಟಿ.ವಿ. ವಾಪಸ್ ಕೊಡು" ಅಂದರು. ಅಪ್ಪ ಮತ್ತೆ ಆ ಕಡೆ ನೋಡಲಿಲ್ಲ.

ಉಳಿದದ್ದು ಪಕ್ಕದ ಗೋಡೆ. "ಗಟ್ಟಿ ಇದ್ಯಾ?" ಅಂತ ಅಣ್ಣ ಕೇಳಿದರು. ಅಪ್ಪ ಹ್ಞೂಂ ಅಂದರು. ಹೊರಗಡೆ ಹೊಸದಾಗಿ ಮಣ್ಣು ಮೆತ್ತಿ ಸುಣ್ಣ ಬಳಿದಿತ್ತು. ಆದರೆ ಒಳಗಡೆ ಕ್ಯಾಲೆಂಡರಿನ ಹಿಂದೆ ಒಂದು ಬಿರುಕಿತ್ತು. ಮಳೆಗಾಲದಲ್ಲಿ ನನ್ನ ಬೆರಳು ಹೋಗುವಷ್ಟಾಗಿತ್ತು. ಅದು ನನಗೊಬ್ಬಳಿಗೇ ಗೊತ್ತು. ಹೇಳಿದರೆ ಡಿಶ್ ಹಾಕಲ್ಲ ಅಂತ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಅಣ್ಣ ಡ್ರಿಲ್ ಹಿಡಿದರು. ಪುಡಿಮಣ್ಣು ಸುರಿಯಿತು. ಆ ಗೋಡೆಯ ಬುಡದಲ್ಲೇ ತಮ್ಮ ರಾತ್ರಿ ಮಲಗುವುದು. ನನಗೆ ಎದೆ ಡವಡವ ಅಂತು. "ನಿಲ್ಸಿ, ಒಳಗೆ ಬಿರುಕಿದೆ" ಅಂತ ಕೂಗಿಯೇಬಿಟ್ಟೆ.

ಅಣ್ಣ ಒಳಗೆ ಬಂದು ಕ್ಯಾಲೆಂಡರ್ ಎತ್ತಿ ನೋಡಿದರು. "ಗಾಳಿಗೆ ಡಿಶ್ಶು ಗಾಳಿಪಟದ ಹಾಗೆ ಎಳೆಯುತ್ತೆ ಪುಟ್ಟೀ. ಬೋಲ್ಟಿನ ಜೊತೆ ಗೋಡೇನೂ ಬರ್ತಿತ್ತು" ಅಂದರು. ಅಪ್ಪ ಬೈಯುತ್ತಾರೆ ಅಂತ ಹೆದರಿದ್ದೆ. "ಮೊದ್ಲೇ ಹೇಳಬಾರ್ದಾ" ಅಂದರು, ಅಷ್ಟೆ. ಅದೇ ನನಗೆ ಬೈದದ್ದಕ್ಕಿಂತ ಜಾಸ್ತಿ ಆಯ್ತು.

ಕೊನೆಗೆ ಹಿತ್ತಲಿನ ಬಚ್ಚಲುಮನೆ ತಾರಸಿ ಆರಿಸಿದರು. ಅದು ಸಿಮೆಂಟಿನದು, ತಂತಿಯಿಂದ ದೂರ, ಮರವೂ ಅಡ್ಡ ಇಲ್ಲ. ಆದರೆ ಅವರ ಹತ್ತಿರ ಅಷ್ಟುದ್ದ ಕೇಬಲ್ ಇರಲಿಲ್ಲ. ಒಂದು ವಾರ ಟಿ.ವಿ. ಪೆಟ್ಟಿಗೆಯಲ್ಲೇ ಕೂತಿತು. ಆ ವಾರದಲ್ಲಿ ಅಪ್ಪ ವೈರ್‌ಮ್ಯಾನನ್ನು ಕರೆಸಿ, ಗುಂಡಿ ತೋಡಿ, ಇದ್ದಲು ಉಪ್ಪು ಹಾಕಿ ಅರ್ಥಿಂಗ್ ಮಾಡಿಸಿದರು. ಮುಂಚೆ ನಮ್ಮ ಮನೆಗೆ ಅದು ಇರಲೇ ಇಲ್ಲವಂತೆ!

ಈಗ ಅಜ್ಜಿ ದಿನಾ ಚಂದನ ನೋಡುತ್ತಾರೆ. ಜೋರು ಮಳೆ ಬಂದರೆ ಚಿತ್ರ ನಿಂತುಹೋಗುತ್ತೆ. ಮೋಡ ಕಟ್ಟಿ ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನೂ ಕೇಬಲ್ಲನ್ನೂ ಕೀಳುವುದು ನನ್ನ ಕೆಲಸ. ಕ್ಯಾಲೆಂಡರನ್ನು ಅಪ್ಪ ಬೇರೆ ಗೋಡೆಗೆ ಹಾಕಿದ್ದಾರೆ. ತಮ್ಮ ಈಗ ಅಜ್ಜಿ ಪಕ್ಕ ಮಲಗುತ್ತಾನೆ.